ಕಾಕಾ ಇಲ್ಲದ ಕಾಕಾನ ಅಂಗಡಿ

ದುಡ್ಡು ಕೊಟ್ಟು ಬೈಸಿಕೊಳ್ಳುವುದಕ್ಕೆ ಜನ ಸಾಲು ಹಚ್ಚುವ ಊರು ಜಗತ್ತಿನಲ್ಲಿ ಎಲ್ಲಾದರೂ ಇದ್ದರೆ ಅದು ನಮ್ಮ ಗೋಕಾಕ, ಮತ್ತು ಬೈಯುವ ಆ ಮಹಾನುಭಾವ ನಮ್ಮಪ್ಪನ ತಮ್ಮ, ನಮ್ಮ ಕಾಕಾ! ಸುಳ್ಳು ಅನ್ನುವವರು ಯಾವ ದಿನವಾದರೂ ಸಂಜೆ ನಾಲ್ಕರ ಮೇಲೆ ಬಸ್ ಸ್ಟ್ಯಾಂಡಿನ ಬಾಜೂ ಇರುವ ಅವನ ಮಿರ್ಚಿ ಭಜಿ ಅಂಗಡಿಗೆ ಬರಬಹುದು. ಬರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು ಬನ್ನಿ. ಇಲ್ಲದಿದ್ದರೆ ಮಿರ್ಚಿಗಿಂತ ಮೊದಲು ಅದರ ವಿಚಾರಣೆ ಆಗುತ್ತದೆ.

ಅಂಗಡಿ ಶುರುವಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ನಾಲ್ಕು ಬೆಂಚು, ಒಂದು ದೊಡ್ಡ ಕಡಾಯಿ, ಕರಿಯುವುದಕ್ಕೆ ಬಸವ್ವಕ್ಕ. ಕಾಕಾ ಹಿಟ್ಟು ಕಲಸಿಕೊಟ್ಟನೆಂದರೆ ಉಳಿದ ಹೊತ್ತೆಲ್ಲ ಗಿರಾಕಿಗಳನ್ನು ಬೈಯುವುದೇ ಕೆಲಸ. ಅಲ್ಲಿ ನಿಂತು ತಿನ್ನುವಂತಿಲ್ಲ. ಎರಡು ಪ್ಲೇಟಿನ ಮೇಲೆ ಕೇಳುವಂತಿಲ್ಲ. ಒಮ್ಮೆ ಕೋರ್ಟಿನಿಂದ ಬಂದ ವಕೀಲರೊಬ್ಬರು ಧೈರ್ಯ ಮಾಡಿ ಮೂರನೆಯದನ್ನು ಕೇಳಿದರು.

"ವಕೀಲ್ರ, ಹೊಟ್ಟಿ ನಿಮ್ದ, ಖರೆ. ಆದ್ರ ಹೊಟ್ಟಿ ಉಬ್ಬಿದ ಮ್ಯಾಲೆ ಅಜವಾನ ಹುಡುಕುವಾಕಿ ನಿಮ್ಮ ಮನ್ಯಾಕಿ. ಅಕಿನ್ನ ಕೇಳ್ಕೊಂಡ ಬರ್ರಿ, ಕೊಡ್ತೇನಿ!"

ವಕೀಲರು ವಾದ ಮಾಡದೆ ಸೋತ ಒಂದೇ ಕೇಸು ಅದು. ಮರುದಿನ ಮತ್ತೆ ಬಂದರು, ಸಂಗಡ ಇಬ್ಬರನ್ನು ಕರೆದುಕೊಂಡು!

ಇದರಲ್ಲಿ ದೊಡ್ಡ ಆಶ್ಚರ್ಯ ಯಾವುದು ಗೊತ್ತೇ? ಈ ಕಾಕಾ ಅರವತ್ತು ವರ್ಷ ಮಾತೇ ಆಡಿದವನಲ್ಲ. ಗೋಕಾಕ ಫಾಲ್ಸಿನ ಕಡೆ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ಆಯುಷ್ಯ ಕಳೆದವನು. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿಯುವ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ಅಲ್ಲಿ ಎಲ್ಲವೂ ಕೈಸನ್ನೆ. ಎರಡು ಬೆರಳು ಎತ್ತಿದರೆ ಚಹಾ. ಅಂಗೈ ಮಗುಚಿದರೆ ಸಾಕು. ಹೆಬ್ಬೆರಳಿಗೆ ತೋರುಬೆರಳಿನ ತುದಿ ಒತ್ತಿ ಹಿಡಿದರೆ, ಹರಿದ ದಾರ ಕೂಡಿತು, ಇನ್ನು ಮಗ್ಗ ಬಿಡಬಹುದು ಎಂದು ಅರ್ಥ. ಗಿರಣಿಯಿಂದ ಮನೆಗೆ ಬಂದರೂ ಕಾಕಾನ ಭಾಷೆ ಅದೇ ಆಗಿತ್ತು. ಹೆಂಡತಿ, ಅಂದರೆ ನಮ್ಮ ಕಾಕುವಿನ ಸಂಗಡ ಜಗಳ ಮುಗಿದಾಗಲೂ ಅವನು ಬೆರಳಿನ ತುದಿ ಕೂಡಿಸಿ ತೋರಿಸಿ ಊಟಕ್ಕೆ ಕೂತುಬಿಡುತ್ತಿದ್ದ.

ಜಗಳವಾದರೂ ಎಂಥದು? ಎರಡೂ ಕಡೆಯಿಂದ ಕಾಕು ಒಬ್ಬಳೇ ಆಡುತ್ತಿದ್ದಳು! ಅವಳು ಹುಕ್ಕೇರಿಯ ಹೆಣ್ಣು. ಬೆಳಗ್ಗೆ ಒಲೆ ಹಚ್ಚುವಾಗ ಶುರುವಾದ ಮಾತು ಹಾಸಿಗೆ ಹಾಸುವವರೆಗೆ ಬಿಡುವಿಲ್ಲದೆ ಹರಿಯುತ್ತಿತ್ತು. ನಾವು ಹುಡುಗರು ಆ ಮಾತು ಶುರುವಾಯಿತೆಂದರೆ ಅಂಗಳಕ್ಕೆ ಓಡುತ್ತಿದ್ದೆವು. ಕಾಕಾ ಓಡುತ್ತಿರಲಿಲ್ಲ, ಉತ್ತರವನ್ನೂ ಕೊಡುತ್ತಿರಲಿಲ್ಲ. ಹಾಗಾಗಿ ಅವನಿಗೆ ಕಿವಿ ಮಂದ ಎಂದು ಮನೆಯವರೆಲ್ಲ ತೀರ್ಮಾನ ಮಾಡಿದ್ದೆವು. ಮೂರು ವರ್ಷದ ಹಿಂದೆ ಕಾಕು ತೀರಿಕೊಂಡಳು. ಆಮೇಲೆ ಕಾಕಾನಿಗೆ ನನ್ನ ತಾಯಿಯೇ ಊಟ ಬಡಿಸತೊಡಗಿದಳು, ಕೈಸನ್ನೆ ಕೂಡ ಕಡಿಮೆಯಾಯಿತು. ಹೀಗೆ ಒಂದು ವರ್ಷ ಗೋಡೆಗೆ ಒರಗಿ ಕೂತವನು ಒಂದು ದಿನ ಎದ್ದ, ಅಂಗಡಿ ಹಾಕಿದ, ಬಾಯಿ ತೆರೆದ. ಮುದುಕರಿಗೆ ಕೆಲವೊಮ್ಮೆ ಹೊಸ ಹಲ್ಲು ಬರುತ್ತದಂತೆ, ನಮ್ಮ ಕಾಕಾನಿಗೆ ನಾಲಿಗೆ ಬಂತು ಎಂದು ನಾವು ನಕ್ಕೆವು.

ಅಂಗಡಿಯ ಹೆಸರು ಬಸ್ಸಿನ ಸಂಗಡ ಊರೂರು ತಿರುಗಿತು. ಮೂಡಲಗಿಯಿಂದ ಒಬ್ಬರು ಬಂದರು. ಝೆರಾಕ್ಸ್ ಅಂಗಡಿಯವರು, ಬಹಳ ಅಚ್ಚುಕಟ್ಟಿನ ಮನುಷ್ಯ. ಹುಕ್ಕೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಅವಳ ಗಂಡ ಕುರಿಯ ಹಿಂದೆ ತಿಂಗಳುಗಟ್ಟಲೆ ತಿರುಗುವವನು, ಇವಳು ಸಂತೆಯ ಬಾಜೂ ಚಹಾದಂಗಡಿ ನಡೆಸುವವಳು. ಇಬ್ಬರದೂ ಒಂದೇ ಮಾತು: ನಮಗೆ ಫ್ರಾಂಚೈಸಿ ಕೊಡಿ!

ಮನೆಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುವವನು. ಜೀವಮಾನದಲ್ಲಿ ಒಂದು ಮಿರ್ಚಿಯನ್ನೂ ಮಾರಿದವನಲ್ಲ, ಆದರೆ ಮಾರುವುದು ಹೇಗೆ ಎಂದು ಎರಡು ತಾಸು ಹೇಳಬಲ್ಲೆ.

"ಫ್ರಾಂಚೈಸಿ ಅಂದ್ರ ಏನೋ ತಮ್ಮಾ?" ಎಂದು ಕಾಕಾ ಕೇಳಿದ.

"ನಿನ್ನ ಹೆಸರು, ನಿನ್ನ ರುಚಿ, ನಿನ್ನ ಪದ್ಧತಿ. ಅಂಗಡಿ ಮಾತ್ರ ಬ್ಯಾರೇದವರದು. ನೀ ಅಲ್ಲಿ ಇರಬೇಕಂತಿಲ್ಲ ಕಾಕಾ."

"ಅಂದ್ರ, ನಾ ಇಲ್ಲದ ನನ್ನ ಅಂಗಡಿ."

"ಹೌದು."

"ನಾ ಇಲ್ದಿದ್ರ ಅದು ನನ್ನ ಅಂಗಡಿ ಹೆಂಗ ಆಗತೈತಿ?"

"ಬುಕ್ಕಿನ್ಯಾಗ ಹಂಗ ಬರದೈತಿ ಕಾಕಾ."

"ಬುಕ್ಕ ಬರದಾಂವ ಮಿರ್ಚಿ ಕರದಾನೇನು?"

ನಾನು ಸಿಲೆಬಸ್ಸು ಮಡಚಿಟ್ಟೆ. ಹಾಗಾದರೆ ಬೇಡ ಎಂದು ಹೇಳಿಬಿಡಲೇ ಎಂದರೆ ಕಾಕಾ ಅದಕ್ಕೂ ಒಪ್ಪಲಿಲ್ಲ. "ಇಲ್ಲೋ, ನಾ ಹೋದ ಮ್ಯಾಲೂ ಇದು ಉಳೀಬೇಕು. ಇದೊಂದ ಅಂಗಡ್ಯಾಗ ಇದ್ರ ನನ್ನ ಸಂಗಾಟನ ಹೋಗತೈತಿ" ಎಂದ. ಏನು ಉಳಿಯಬೇಕು ಕಾಕಾ, ಮಿರ್ಚಿಯೇ ಎಂದು ಕೇಳಿದೆ. ಅವನು ಎರಡು ಬೆರಳು ಎತ್ತಿದ. ನಾನು ಎದ್ದು ಹೋಗಿ ಚಹಾಕ್ಕೆ ಹೇಳಿ ಬಂದೆ.

ಯಜಮಾನ ಇಲ್ಲದ ದಿನವೂ ಅಂಗಡಿ ಸರಿಯಾಗಿ ನಡೆದರೆ ಅದು ಬೇರೆ ಊರಿಗೆ ಹೋಗಲು ತಯಾರಾಗಿದೆ ಎಂದು ಲೆಕ್ಕ. ಹಾಗಾಗಿ ಕಾಕಾ ಒಂದು ದಿನ ಅಂಗಡಿಯಲ್ಲಿ ಇರಬಾರದು ಎಂದು ನಾನು ಅಪ್ಪಣೆ ಮಾಡಿದೆ. ಅವನು ಮಾತು ಮೀರಲಿಲ್ಲ. ಹಿಟ್ಟು ಕಲಸಿಟ್ಟು ಅಂಗಡಿಯಿಂದ ಹೊರಬಿದ್ದ. ಎದುರಿನ ಕ್ಷೌರದ ಅಂಗಡಿಯಲ್ಲಿ ಕುರ್ಚಿ ಹಿಡಿದು, ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಕನ್ನಡಿಯೊಳಗಿಂದ ನಮ್ಮನ್ನು ನೋಡುತ್ತ ಕೂತ! ನೊರೆ ಮೂರು ಸಲ ಒಣಗಿತು, ಮೂರು ಸಲವೂ ಕ್ಷೌರದವರು ಮತ್ತೆ ಹಚ್ಚಿದರಂತೆ.

ಇತ್ತ ಬಸವ್ವಕ್ಕ ಕರಿದದ್ದು ಅದೇ ಮಿರ್ಚಿ, ಅದೇ ಹಿಟ್ಟು, ಅದೇ ಎಣ್ಣೆ. ಆದರೆ ಗಿರಾಕಿಗಳು ಒಂದು ತುಂಡು ಕಚ್ಚಿ ಆ ಕಡೆ ಈ ಕಡೆ ನೋಡತೊಡಗಿದರು. "ಇವತ್ತ್ಯಾಕೋ ಸಪ್ಪಗ ಐತಿ" ಎಂದರು ಒಬ್ಬರು. ನಮ್ಮ ವಕೀಲರು ಬಹಳ ಬೇಸರದಿಂದ ಮೂರನೆಯ ಪ್ಲೇಟು ಕೇಳಿದರು. ನಾನು ನಗುನಗುತ್ತ ಕೊಟ್ಟೆ. ಅವರು ಪ್ಲೇಟನ್ನು ನೋಡಿದರು, ನನ್ನನ್ನು ನೋಡಿದರು. "ಯಾಕ್ರೀ, ನನಗ ಯಾರೂ ಬೈಯಾಕತ್ತಿಲ್ಲ? ನಾ ಏನ್ ತಪ್ಪ ಮಾಡೇನಿ?" ಎಂದರು.

ಅಷ್ಟರಲ್ಲಿ ಯಾರೋ ಒಬ್ಬ ತರುಣ ನಿಂತುಕೊಂಡೇ ಮಿರ್ಚಿಗೆ ಬಾಯಿ ಹಾಕಿದ. ರಸ್ತೆಯ ಆಚೆಯಿಂದ, ಅರ್ಧ ಗಡ್ಡ ಬೋಳಿಸಿ ಅರ್ಧ ನೊರೆ ಉಳಿದ ಒಂದು ಮುಖ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಆಟೋಗಳ ನಡುವೆ ಓಡಿಬಂತು. "ಏ! ಕುಂತ ತಿನ್ನ! ನಿಂತ ತಿಂದದ್ದು ಮೊಣಕಾಲಿಗೆ ಇಳಿತೈತಿ!" ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪರೀಕ್ಷೆ ಅಲ್ಲಿಗೆ ಮುಗಿಯಿತು, ಫಲಿತಾಂಶ ಹೇಳಬೇಕಾಗಿಲ್ಲವಷ್ಟೆ.

ಆದರೆ ನನಗೆ ಒಂದು ಸಂಗತಿ ಹೊಳೆಯಿತು. ಈ ವ್ಯಾಪಾರದ ಮಸಾಲೆ ಇರುವುದು ಬೈಗುಳದಲ್ಲಿ! ಮಸಾಲೆ ಗೊತ್ತಾದ ಮೇಲೆ ಬರೆದಿಡುವುದಕ್ಕೆ ಏನು ಕಷ್ಟ? ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಎಂಟು ದಿನ ಅಂಗಡಿಯ ಮೂಲೆಯಲ್ಲಿ ಕೂತು ಕಾಕಾ ಬೈದದ್ದನ್ನೆಲ್ಲ ಬರೆದುಕೊಂಡೆ. ಅವಸರ ಮಾಡುವವರಿಗೆ, ಉಪವಾಸ ಬಂದವರಿಗೆ, ಫೋನು ನೋಡುತ್ತ ತಿನ್ನುವವರಿಗೆ, ಹೆಂಡತಿಯ ಮೇಲೆ ಮುನಿಸಿಕೊಂಡು ಬಂದವರಿಗೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಪುಟ. ನನ್ನ ತಾಯಿ ಒಂದು ದಿನ ಅದನ್ನು ಎತ್ತಿಕೊಂಡು ಎರಡು ಪುಟ ಓದಿದಳು. ಆಮೇಲೆ ಮುಚ್ಚಿ, ದೇವರ ಜಗುಲಿಯ ಮೇಲೆ ಇಟ್ಟು ಒಳಗೆ ಹೋದಳು. ಮಗನ ಅಕ್ಷರದ ಮೇಲೆ ತಾಯಿಗೆ ಇಷ್ಟು ಭಕ್ತಿಯೇ ಎಂದು ನಾನು ಉಬ್ಬಿಹೋದೆ.

ಮೂಡಲಗಿಯ ಝೆರಾಕ್ಸಿನವರು ನಾಲ್ಕು ದಿನ ನಮ್ಮ ಅಂಗಡಿಯಲ್ಲಿ ನಿಂತು ಎಲ್ಲವನ್ನೂ ಕಲಿತು ಹೋದರು. ಒಂದು ಸಂತೆಯ ದಿನ ಅಲ್ಲಿ ಪರೀಕ್ಷೆಗೆಂದು ಕಡಾಯಿ ಇಟ್ಟರು. ಕಾಕಾ ಮತ್ತು ನಾನು ನೋಡಲು ಹೋದೆವು. ಹೋಗಿ ನೋಡಿದರೆ ಆ ಮನುಷ್ಯ ತುಟಿ ಬಿಚ್ಚುತ್ತಿಲ್ಲ! ಎರಡು ಬೆರಳು ಎತ್ತುತ್ತಾರೆ, ಅಂಗೈ ಮಗುಚುತ್ತಾರೆ. ಕಾಕಾ ಬಸವ್ವಕ್ಕನಿಗೆ ಮಾಡುವ ಗಿರಣಿಯ ಸನ್ನೆಗಳನ್ನು ಕಂಡು, ಗುಟ್ಟು ಅದರಲ್ಲೇ ಇದೆ ಎಂದು ತಿಳಿದುಬಿಟ್ಟಿದ್ದರು. ಇವರದು ಮೌನವ್ರತ ಎಂದುಕೊಂಡ ಇಬ್ಬರು ಅಜ್ಜಿಯರು ಕೈಮುಗಿದು ಹೋದರು.

ನಾನು ಗಾಬರಿಯಿಂದ ನೋಟ್‌ಬುಕ್ಕು ಕೊಟ್ಟೆ. ಅವರು ಓಡಿಹೋಗಿ ಅದನ್ನು ಝೆರಾಕ್ಸ್ ಮಾಡಿ ಕಣ್ಣೆದುರಿಗೆ ತೂಗುಹಾಕಿಕೊಂಡರು. ಆಮೇಲೆ ಬಂದ ಬಂದ ಗಿರಾಕಿಗಳಿಗೆ ಮೊದಲ ಸಾಲಿನಿಂದ ಅನುಕ್ರಮವಾಗಿ, ಬಹಳ ವಿನಯದಿಂದ ಬೈಯತೊಡಗಿದರು. ಪಿಂಚಣಿ ತೆಗೆದುಕೊಂಡು ಬಂದ ಯಜಮಾನರಿಗೆ, ಶಾಲೆಯ ಹುಡುಗರಿಗೆಂದು ಬರೆದ ಸಾಲು ಓದಿ, "ಸಾಲಿ ತಪ್ಪಿಸಿ ಬಂದೀರೇನ್ರಿ?" ಎಂದರು. ಅವರ ಹಿಂದೆ ನಿಂತಿದ್ದವರದು ನುಣ್ಣಗಿನ ಬೋಳುತಲೆ. ನಾನು ಕಣ್ಣು ಮುಚ್ಚಿಕೊಂಡೆ. "ತಲಿಗೆ ಎಣ್ಣಿ ಹಚ್ಚಾಕ ಏನಾಗೇತ್ರಿ ನಿಮಗ?"

ಅವರನ್ನು ಜನರ ಕೈಯಿಂದ ಬಿಡಿಸಿಕೊಂಡು ಬರಲು ಅರ್ಧ ತಾಸು ಬೇಕಾಯಿತು! ಕಾಕಾ ಮಾತ್ರ ಝೆರಾಕ್ಸಿನವರಿಗೆ ಸಿಟ್ಟು ಮಾಡಲಿಲ್ಲ. "ಹಿಟ್ಟ ಚಂದ ಕಲಸೀರಿ. ಅದು ನಿಮ್ದ, ನಿಮ್ಮ ಹೆಸರಲೆ ಮಾರ್ರಿ. ನನ್ನ ಬೋರ್ಡ ಬ್ಯಾಡ" ಎಂದು ಅವರ ಬೆನ್ನು ತಟ್ಟಿದ. ಬಸ್ಸಿನಲ್ಲಿ ನನಗೆ ಹೇಳಿದ: "ಎದುರಿಗಿನ ಮಂದಿ ಮಾರಿ ನೋಡಿ ಬೈಬೇಕೋ ತಮ್ಮಾ. ಹಾಳಿ ನೋಡಿ ಅಲ್ಲ."

ಉಳಿದದ್ದು ಹುಕ್ಕೇರಿ. ಆ ಹೆಣ್ಣುಮಗಳು ನಮ್ಮಲ್ಲಿಗೆ ಬಂದಿದ್ದಾಗ ಕಾಕಾ ಹಿಟ್ಟು ಕಲಸುವುದನ್ನು ಅರ್ಧ ತಾಸು ನೋಡಿ, "ಕೈಗೆ ಗೊತ್ತಾತ್ರಿ" ಎಂದು ಗಿರಾಕಿಗಳು ಬರುವ ಮೊದಲೇ ಬಸ್ಸು ಹಿಡಿದಿದ್ದಳು. ನೋಟ್‌ಬುಕ್ಕು ಕಳಿಸುತ್ತೇನೆಂದು ಫೋನು ಮಾಡಿದರೆ, "ಓದಾಕ ಪುರಸೊತ್ತ ಇಲ್ರಿ ಸರ, ನೀವ ಬಂದ ನೋಡ್ರಿ" ಎಂದಳು. ನೋಡೋಣ ಎಂದರೆ ಕಾಕಾ ಹೊರಡುವುದಿಲ್ಲ! ಒಂದು ವಾರ ಬಿಸಿಲು ಜಾಸ್ತಿ. ಇನ್ನೊಂದು ವಾರ ಅಮಾವಾಸ್ಯೆ. ಮೂರನೆಯ ವಾರ, ಹುಕ್ಕೇರಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗುವುದಿಲ್ಲವಂತೆ. ಕೊಡುವ ಮನಸ್ಸಿಲ್ಲದೆ ನೆಪ ಹೇಳುತ್ತಿದ್ದಾನೆ ಎಂದುಕೊಂಡು ನಾನೇ ಕಿಟಕಿಯ ಸೀಟು ಹಿಡಿದು ಕೂರಿಸಿಕೊಂಡು ಹೊರಟೆ.

ನಾವು ಹೋದಾಗ ಅಂಗಡಿಯಲ್ಲಿ ಗದ್ದಲವಿತ್ತು. ಆಕೆ ಬೆನ್ನು ತಿರುಗಿಸಿ ಕರಿಯುತ್ತಿದ್ದಳು, ನಾವು ಬಂದದ್ದನ್ನು ನೋಡಿರಲಿಲ್ಲ. ಕಾಕಾ ಸುಮ್ಮನೆ ಬೆಂಚಿನ ತುದಿಗೆ ಕೂತ. ಕಡಾಯಿಯಿಂದ ಆಗಷ್ಟೇ ತೆಗೆದ ಮಿರ್ಚಿಗಳ ತಾಟು ಎದುರಿಗೆ ಬಂತು. ಕಾಕಾ ಒಂದಕ್ಕೆ ಕೈ ಹಾಕಿದ. ಆಕೆ ತಿರುಗಿ ನೋಡಿದಳು.

"ಅವಸರ ಏನೈತ್ರಿ? ಬಸ್ಸ ಹೋದ್ರ ಇನ್ನೊಂದ ಬರತೈತಿ. ನಾಲಿಗಿ ಸುಟ್ಕೊಂಡ್ರ ಇನ್ನೊಂದ ಬರತೈತೇನು? ಊದಿ ತಿನ್ರಿ!"

ಕಾಕಾನ ಕೈ ತಾಟಿನ ಮೇಲೆಯೇ ನಿಂತುಬಿಟ್ಟಿತು. ನಾನು ಚೀಲದಿಂದ ನೋಟ್‌ಬುಕ್ಕು ತೆಗೆದೆ. ಮೊದಲ ಪುಟ, ಮೊದಲ ಸಾಲು. ಅದೇ ಮಾತು.

"ಇದನ್ನ ಎಲ್ಲಿ ಕಲ್ತೀರಿ?" ಎಂದು ಕೇಳಿದೆ.

"ಕಲಿಯೂದೇನೈತ್ರಿ ಸರ? ನಮ್ಮ ಓಣ್ಯಾಗ ನಮ್ಮವ್ವ, ನಮ್ಮಾಯಿ ಎಲ್ಲಾರೂ ಹಿಂಗ ಅಂತಿದ್ರು" ಎಂದು ನಕ್ಕು ಮತ್ತೆ ಕಡಾಯಿಯ ಕಡೆ ತಿರುಗಿದಳು.

ಆಗ ನನಗೆ ಹೊಳೆಯಿತು. ತಾಯಿ ಆ ನೋಟ್‌ಬುಕ್ಕನ್ನು ಜಗುಲಿಯ ಮೇಲೆ ಯಾಕೆ ಇಟ್ಟಳು ಎಂಬುದೂ ಹೊಳೆಯಿತು. ಎಣ್ಣೆ ಹಚ್ಚು, ಕುಂತು ತಿನ್ನು, ಅಜವಾನ ತಗೋ, ಒಂದೊಂದೂ ಕಾಕುವಿನ ಮಾತು. ಹುಕ್ಕೇರಿಯಿಂದ ಅವಳು ತಂದಿದ್ದ ಮಾತು. ಮೂವತ್ತು ವರ್ಷ ಅದೇ ಮನೆಯಲ್ಲಿದ್ದು ನಾನು ಅದರಲ್ಲಿ ಒಂದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕಿವಿ ಮಂದ ಎಂದು ನಾವೆಲ್ಲ ಕೈಬಿಟ್ಟಿದ್ದ ಕಾಕಾ ಒಂದನ್ನೂ ಬಿಟ್ಟಿರಲಿಲ್ಲ. ಮನೆಯಲ್ಲಿ ಅವು ನಿಂತುಹೋದ ಮೇಲೆ, ದಿನಾ ಯಾರಿಗಾದರೂ ಹೇಳುವುದಕ್ಕೆಂದು ಅಂಗಡಿ ಹಾಕಿದ್ದ. ಎಲ್ಲರಿಗೂ ಬೈದ ಆ ಮನುಷ್ಯನಿಗೆ ಮೂರು ವರ್ಷದಿಂದ ಯಾರೊಬ್ಬರೂ ಬೈದಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

"ಏನ್ ಮಾಡೋಣು ಕಾಕಾ? ಕೊಡೋಣೇನು?" ಎಂದು ಕೇಳಿದೆ.

ಬೆಂಚಿನ ಮೇಲೆ ಅಷ್ಟು ಜನ ಗದ್ದಲ ಮಾಡುತ್ತಿದ್ದರು. ಮಗ್ಗದ ಸದ್ದಿನಲ್ಲಿ ಹೇಳುತ್ತಿದ್ದ ಹಾಗೆಯೇ, ಕಾಕಾ ಮುಖ ಆಚೆ ತಿರುಗಿಸಿಕೊಂಡು ನನ್ನ ಕಡೆಗೆ ಕೈ ಎತ್ತಿದ. ಹೆಬ್ಬೆರಳಿಗೆ ತೋರುಬೆರಳಿನ ತುದಿ ಒತ್ತಿ ಹಿಡಿದಿದ್ದ.

ಆಮೇಲೆ ಕಣ್ಣು ಒರೆಸಿಕೊಂಡು, ಆಕೆ ಮತ್ತೆ ಈ ಕಡೆ ತಿರುಗುವವರೆಗೆ ಕಾದು, ಬೇಕೆಂದೇ, ಊದದೆ, ಆ ಸುಡುವ ತಾಟಿಗೆ ಇನ್ನೊಮ್ಮೆ ಕೈ ಹಾಕಿದ.