ರಾಮರಾಯರು ಸಾಯಲು ಒಪ್ಪಲಿಲ್ಲ

ಪದ್ಮನಾಭ: ನಾನು ಸಾಯಲ್ಲ ಮೇಷ್ಟ್ರೇ. ಬೇಕಾದ್ರೆ ಬೇರೆ ಯಾರನ್ನಾದ್ರೂ ಸಾಯಿಸ್ಕೊಳ್ಳಿ.

ವೆಂಕಟಗಿರಿ: ರಾಮರಾಯನ ಪಾರ್ಟು ನಿಮ್ಮದು. ಬೇರೆಯೋರು ಹೇಗ್ರೀ ಸಾಯ್ತಾರೆ?

ಪದ್ಮನಾಭ: ಮೊದಲನೇ ಸೀನಲ್ಲಿ ಸಿಂಹಾಸನದ ಮೇಲೆ ಕೂರಿಸ್ದಾಗ ಇದನ್ನ ಹೇಳ್ಲಿಲ್ವಲ್ಲ ನೀವು.

ವೆಂಕಟಗಿರಿ: ಹೇಳೋದೇನು ಬಂತು? ತಾಳಿಕೋಟೆ ಯುದ್ಧ ಅಂದ್ರೆ ಹೈಸ್ಕೂಲ್ ಹುಡುಗರಿಗೂ ಗೊತ್ತು. ಸಾವಿರದ ಐನೂರ ಅರವತ್ತೈದು. ಅಳಿಯ ರಾಮರಾಯನ ತಲೆ ಹೋಯ್ತು, ವಿಜಯನಗರ ಸೋತಿತು. ನಾನೇನು ಹೊಸದಾಗಿ ಸೋಲಿಸ್ತಾ ಇಲ್ಲ.

ಬೆಂಗಳೂರಿನ ಬಸವೇಶ್ವರನಗರದ ಪದ್ಮನಾಭರ ಮನೆಯ ಹಾಲ್‌ನಲ್ಲಿ ಶುಕ್ರವಾರ ಸಂಜೆ ನಡೆಯುತ್ತಿದ್ದ ಜಗಳ ಇದು. ಭಾನುವಾರ ಬಡಾವಣೆಯ ರಾಜ್ಯೋತ್ಸವ. ಅದಕ್ಕೊಂದು ಐತಿಹಾಸಿಕ ನಾಟಕ. ಬರೆದವರೂ ಆಡಿಸುವವರೂ ಮೂರು ಮನೆ ಆಚೆಯ ವೆಂಕಟಗಿರಿ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಪದ್ಮನಾಭರು ವಿದ್ಯುತ್ ಕಚೇರಿಯಿಂದ ನಿವೃತ್ತರು. ನಟನೆ ಬರುತ್ತಿರಲಿಲ್ಲ, ಮೀಸೆ ಇತ್ತು. ಮೀಸೆಗಾಗಿಯೇ ಪಾರ್ಟು ಸಿಕ್ಕಿತ್ತು. ಈಗ ಪಂಚೆಯ ಮೇಲೆ ಜರಿಯ ನಿಲುವಂಗಿ ತೊಟ್ಟು, ರಟ್ಟಿನ ಕಿರೀಟ ಇಟ್ಟುಕೊಂಡು, ಕೈಯಲ್ಲಿ ತಗಡಿನ ಕತ್ತಿ ಹಿಡಿದು ಸೋಫಾದಿಂದ ಏಳುವುದಿಲ್ಲ ಎಂದು ಕೂತಿದ್ದರು.

ಪದ್ಮನಾಭ: ನೋಡಿ ಮೇಷ್ಟ್ರೇ, ನಿಮಗೆ ವಿಷಯ ಗೊತ್ತು. ನಮ್ಮ ಮಗಳು ದೀಪ್ತೀನೂ ಆ ಹುಡುಗ ಸಮರ್ಥಾನೂ ಒಂದೇ ಬ್ಯಾಂಕಲ್ಲಿದಾರೆ, ಅವರಿಬ್ರೂ ಒಪ್ಕೊಂಡಾಗಿದೆ. ದೊಡ್ಡೋರು ನಾವು ಫೋನಲ್ಲಿ ಮಾತಾಡಿದೀವಿ, ಅಷ್ಟೇ. ಭಾನುವಾರ ಹುಡುಗನ ಅಪ್ಪ ಅಮ್ಮ ಮೊದಲನೇ ಸಾಲಲ್ಲಿ ಕೂತು ನನ್ನ ಮುಖ ನೋಡ್ತಾರೆ. ಮೊದಲನೇ ಸಲ ನೋಡೋವಾಗ್ಲೇ ಆ ಮುಖ ನೆಲದ ಮೇಲೆ ಉರುಳ್ತಾ ಇದ್ರೆ ಏನಂದ್ಕೋತಾರೆ?

ಕಾಫಿ ತಂದ ಪುಟ್ಟಲಕ್ಷ್ಮಿ ಗಂಡನ ಪಕ್ಷಕ್ಕೆ ನಿಂತರು.

ಪುಟ್ಟಲಕ್ಷ್ಮಿ: ತಲೆ ಬೇಡ ಮೇಷ್ಟ್ರೇ. ಕಾಲಿಗೆ ಏಟು ಬಿದ್ದು ಆಸ್ಪತ್ರೆ ಸೇರಿದ್ರು ಅಂತ ಮಾಡಿ. ಹೆಂಗಿದ್ರೂ ಇವರಿಗೆ ಮಂಡಿ ನೋವು, ಚೆನ್ನಾಗಿ ಮಾಡ್ತಾರೆ.

ವೆಂಕಟಗಿರಿ: ರಣರಂಗದಲ್ಲಿ ಯಾವ ಆಸ್ಪತ್ರೆ ಅಮ್ಮಾ?

ಪದ್ಮನಾಭ: ಹೋಗ್ಲಿ, ಡ್ರಾ ಮಾಡಿ. ಮಳೆ ಬಂತು, ಯುದ್ಧ ನಿಂತೋಯ್ತು.

ವೆಂಕಟಗಿರಿ: ನಡೆದಿದ್ದು ಜನವರೀಲಿ.

ಪದ್ಮನಾಭ: ಈಗೆಲ್ಲಾ ಜನವರೀಲೂ ಬರುತ್ತೆ.

ವೆಂಕಟಗಿರಿ: ಬಸವೇಶ್ವರನಗರದಲ್ಲಿ ಬರುತ್ತೆ. ಕೃಷ್ಣಾ ತೀರದಲ್ಲಿ ಬರಲ್ಲ.

ಪದ್ಮನಾಭ: ಹಂಗಾದ್ರೆ ಕೊನೇ ಗಳಿಗೇಲಿ ನನ್ನ ಸಹಾಯಕ್ಕೆ ಇನ್ನೊಂದು ಸೈನ್ಯ ಬರ್ಲಿ.

ವೆಂಕಟಗಿರಿ: ಇರೋದೇ ಏಳು ಜನ ಕಣ್ರೀ. ಅದರಲ್ಲಿ ಇಬ್ಬರು ಸೇರಿ ಒಂದು ಆನೆ. ಮಿಕ್ಕ ಐದು ಜನ ಮೊದಲು ನಿಮ್ಮ ಕಡೆ ಇದ್ದು, ಪರದೆ ಹಿಂದೆ ಬಟ್ಟೆ ಬದಲಾಯಿಸ್ಕೊಂಡು ಶತ್ರುಗಳಾಗಿ ಬರ್ಬೇಕು. ಇನ್ನೊಂದು ಸೈನ್ಯಕ್ಕೆ ನಾನು ಪಕ್ಕದ ಬಡಾವಣೆ ಶ್ರೀಗಂಧದ ಕಾವಲಿಗೆ ಹೋಗಿ ಜನ ಕರೀಲಾ?

ಮೇಷ್ಟ್ರು ಟೀಪಾಯಿಯ ಮೇಲಿದ್ದ ಬಟ್ಟೆಯ ಚೀಲಕ್ಕೆ ಕೈ ಹಾಕಿ, ಕಾಗದದ ಗುಂಜಿನಿಂದ ಮಾಡಿಸಿದ ತಲೆಯೊಂದನ್ನು ಜುಟ್ಟು ಹಿಡಿದು ಹೊರಗೆಳೆದರು. ಮೀಸೆಯೂ ಹಣೆಯ ಮೂರು ಗೆರೆಯೂ ಸಾಕ್ಷಾತ್ ಪದ್ಮನಾಭರದೇ.

ವೆಂಕಟಗಿರಿ: ನಿಮ್ಮ ಫೋಟೋ ಕೊಟ್ಟು ಮಾಡಿಸಿದೀನಿ. ಹತ್ತು ದಿನ ಬಿಸಿಲಲ್ಲಿ ಒಣಗಿಸಿದಾರೆ. ಇದನ್ನೇನು ಮಾಡ್ಲಿ ಈಗ?

ಪುಟ್ಟಲಕ್ಷ್ಮಿ ಹತ್ತಿರ ಬಂದು, ಒಮ್ಮೆ ಅದನ್ನೂ ಒಮ್ಮೆ ಗಂಡನನ್ನೂ ನೋಡಿದರು.

ಪುಟ್ಟಲಕ್ಷ್ಮಿ: ನಿಮಗಿಂತ ಕಳೆಯಾಗಿದೆ ರೀ. ಮುಖದಲ್ಲಿ ಒಂದು ಶಾಂತಿ ಇದೆ.

ಪದ್ಮನಾಭ: ಸತ್ತಿದೆಯಲ್ಲೇ, ಶಾಂತಿ ಇರದೆ ಇನ್ನೇನಿರುತ್ತೆ?

ಇದೇ ಹೊತ್ತಿಗೆ ಹೊರಗೆ, ಅರ್ಧ ತೆರೆದ ಬಾಗಿಲ ಬಳಿ, ಇಬ್ಬರು ಚಪ್ಪಲಿ ಬಿಡುತ್ತಿದ್ದರು. ಸಮರ್ಥನ ತಂದೆ ಶಿವಯೋಗಿ, ತಾಯಿ ಶಾಂತವ್ವ. ವಿಜಯಪುರ ಜಿಲ್ಲೆಯ ತಾಳಿಕೋಟೆಯಿಂದ ಎರಡು ದಿನ ಮೊದಲೇ ಬಂದು ಬ್ಯಾಡರಹಳ್ಳಿಯ ತಂಗಿಯ ಮನೆಯಲ್ಲಿ ಇಳಿದಿದ್ದರು. ಇಷ್ಟು ಹತ್ತಿರ ಬಂದು ಬೀಗರಾಗುವವರನ್ನು ಮಾತಾಡಿಸದೆ ಇರುವುದು ಹೇಗೆ ಎಂದು ಬಾಳೆಹಣ್ಣು ಹಿಡಿದು ಬಂದವರು. ಬೆಲ್ ಒತ್ತಬೇಕು ಎನ್ನುವಾಗ ಒಳಗಿನ ಮಾತು ಕಿವಿಗೆ ಬಿತ್ತು.

ವೆಂಕಟಗಿರಿ: ಅದೆಲ್ಲಾ ಆಗಲ್ಲ. ಅಳಿಯನ ತಲೆ ಹೋಗ್ಲೇಬೇಕು. ಭಾನುವಾರ ಸಂಜೆ ಏಳಕ್ಕೆ, ಎಲ್ಲರ ಎದುರಿಗೆ.

ಪುಟ್ಟಲಕ್ಷ್ಮಿ: ಮದುವೆ ಮಾತುಕತೆ ಮುಗಿಯೋವರೆಗಾದ್ರೂ ಅಳಿಯನ್ನ ಬಿಟ್ಬಿಡಿ ಮೇಷ್ಟ್ರೇ.

ಪದ್ಮನಾಭ: ನಾನೂ ಅದನ್ನೇ ಹೇಳ್ತಿರೋದು. ಮೊದಲು ಮದುವೆ ಆಗ್ಲಿ. ಆಮೇಲೆ ಬೇಕಾದ್ರೆ ತಲೆ ತೆಗೀರಿ, ನಾನು ಅಡ್ಡ ಬರಲ್ಲ.

ಶಿವಯೋಗಿ: (ಪಿಸುಮಾತಿನಲ್ಲಿ) ಶಾಂತಾ, ಚಪ್ಪಲಿ ಹಾಕ್ಕೊ. ನಡಿ ಹೋಗೂಣು.

ಶಾಂತವ್ವ ಹೋಗುವ ಪೈಕಿ ಅಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು.

ಶಾಂತವ್ವ: ನಮ್ಮ ಹುಡುಗ ನಿಮಗ ಏನ್ ಮಾಡ್ಯಾನ್ರಿ? ಬಂಗಾರ ಬೇಡಿಲ್ಲ, ಕಾರ್ ಬೇಡಿಲ್ಲ. ತಲಿ ಯಾಕ್ ತಗೀತೀರಿ?

ಅಲ್ಲಿ ಕಿರೀಟ ಇಟ್ಟುಕೊಂಡ ಒಬ್ಬರು ಕತ್ತಿ ಹಿಡಿದಿದ್ದರು. ಪಕ್ಕದಲ್ಲಿ ಇನ್ನೊಬ್ಬರು, ಅದೇ ಮುಖದ ತಲೆಯೊಂದನ್ನು ಜುಟ್ಟು ಹಿಡಿದು ತೂಗುಹಾಕಿಕೊಂಡು ನಿಂತಿದ್ದರು.

ಶಿವಯೋಗಿ: ಇವರ ಅಣ್ಣಂದು ಆಗಲೇ ಮುಗಿಸ್ಯಾರ, ಶಾಂತಾ.

ಪುಟ್ಟಲಕ್ಷ್ಮಿ: ಅಯ್ಯೋ, ನೀವಾ? ಬನ್ನಿ, ಬನ್ನಿ, ಕೂತ್ಕೊಳ್ಳಿ. ನಿಮ್ಮ ಹುಡುಗ ಅಲ್ಲ ಕಣ್ರೀ. ಅದು ಬೇರೆ ಅಳಿಯ.

ಶಿವಯೋಗಿ: ಬ್ಯಾರೆ ಅಳಿಯ? ಒಬ್ಬಾಕಿನ ಮಗಳು ಅಂತ ಫೋನಿನಾಗ ಹೇಳಿದ್ರಲ್ರಿ.

ಪದ್ಮನಾಭ: ಒಬ್ಬಳೇ ಸಾರ್.

ಶಾಂತವ್ವ: ಹಂಗಾರ ಆಕಿಗಿ ಮೊದಲ ಒಂದ್ ಲಗ್ನ ಆಗಿತ್ತು.

ಮೇಷ್ಟ್ರು ತಮ್ಮ ನಾಟಕದ ಗುಂಗಿನಲ್ಲೇ ಇದ್ದರು. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ಅವರಿಗೆ ಮೂವತ್ತು ವರ್ಷದ ಅಭ್ಯಾಸ.

ವೆಂಕಟಗಿರಿ: ಆಗಿತ್ತಮ್ಮಾ, ರಾಜಮನೆತನದ ಮದುವೆ. ಆದ್ರೆ ಆ ಅಳಿಯ ತೀರ್ಕೊಂಡು ನಾನೂರ ಅರವತ್ತು ವರ್ಷದ ಮೇಲಾಯ್ತು.

ಶಿವಯೋಗಿ: ಹುಡುಗಿಗಿ ಇಪ್ಪತ್ತಾರು ಅಂದಿದ್ರು.

ವೆಂಕಟಗಿರಿ: ಅವನ ಮಾವ ಕೃಷ್ಣದೇವರಾಯ.

ಶಿವಯೋಗಿ: ಇವರ ಹೆಸರ ಪದ್ಮನಾಭ ಅಲ್ರಿ?

ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಎರಡು ಸುತ್ತು ಕಾಫಿ ಮುಗಿಯಿತು. ಶಾಂತವ್ವ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೀಗರ ಮುಖ ಅರಳಿದ್ದನ್ನು ನೋಡಿ ಪದ್ಮನಾಭರಿಗೆ ಧೈರ್ಯ ಬಂತು.

ಪದ್ಮನಾಭ: ನೀವೇನೂ ಯೋಚನೆ ಮಾಡ್ಬೇಡಿ. ಆ ಸಾಯೋ ಸೀನೇ ತೆಗೆದುಬಿಟ್ವಿ. ನಮ್ಮ ನಾಟಕದಲ್ಲಿ ರಾಮರಾಯ ಗೆಲ್ತಾನೆ. ಅಲ್ವಾ ಮೇಷ್ಟ್ರೇ?

ತಮ್ಮ ಬಾಯಿಂದ ಒಂದು ಸಂಬಂಧ ಮುರಿಯುತ್ತಿತ್ತಲ್ಲ ಎಂದು ಮೇಷ್ಟ್ರು ಆಗಲೇ ಕುಗ್ಗಿಹೋಗಿದ್ದರು. ನಾಟಕದ ಕೊನೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟರು.

ವೆಂಕಟಗಿರಿ: ಗೆಲ್ಲಿ. ಇಸವಿ ತಪ್ಪು ಬರೆದ ಮಕ್ಕಳಿಗೆಲ್ಲಾ ಅರ್ಧರ್ಧ ಮಾರ್ಕು ಕಡಿದಿದೀನಿ ನಾನು. ಇವತ್ತು ನನಗೇ ಸೊನ್ನೆ.

ಶಿವಯೋಗಿ ಲೋಟ ಕೆಳಗಿಟ್ಟರು.

ಶಿವಯೋಗಿ: ಎಲ್ಲಿ ಗೆಲ್ತೀರ್ರಿ?

ಪದ್ಮನಾಭ: ತಾಳಿಕೋಟೇಲಿ.

ಶಿವಯೋಗಿ: ನಮ್ಮೂರಾಗ ಬಂದು ಗೆಲ್ತೀರಿ.

ಪದ್ಮನಾಭ: ನಿಮಗೆ ಖುಷಿ ಆಗ್ಲಿ ಅಂತ.

ಶಿವಯೋಗಿ: ಎಂಥಾ ಖುಷಿರಿ? ನಾವು ಎಲ್ಲಿಗಿ ಹೋದ್ರೂ ಜನ 'ಯಾವೂರು' ಅಂತ ಕೇಳ್ತಾರ. ತಾಳಿಕೋಟಿ ಅಂದಕೂಡ್ಲೆ, 'ಹಾಂ, ರಾಮರಾಯ ಸತ್ತ ಊರು' ಅಂತಾರ. ನಿಮಗರ ಬೆಂಗಳೂರಾಗ ಹೇಳ್ಕೊಳ್ಳಾಕ ನೂರಾ ಎಂಟು ಅದಾವು. ನಮಗ ಪುಸ್ತಕದಾಗ ಇರೋದು ಅದೊಂದ ಸಾಲು. ಅದನ್ನೂ ಕಸಗೊಂಡ್ರ ನಾವು ಯಾವೂರವರು ಅಂತ ಹೇಳೂಣ್ರಿ?

ಪದ್ಮನಾಭರು ಕಿರೀಟ ಸರಿಮಾಡಿಕೊಂಡರು.

ಪದ್ಮನಾಭ: ಮೇಷ್ಟ್ರೇ, ನನ್ನ ತಲೆ ಕಡೀರಿ.

ವೆಂಕಟಗಿರಿ: ಈಗ್ತಾನೆ ಗೆಲ್ತೀನಿ ಅಂದ್ರಲ್ಲ.

ಪದ್ಮನಾಭ: ಕಡೀರಿ ಅಂದೆ. ಬೀಗರ ಊರಿನ ಮರ್ಯಾದೆ ಪ್ರಶ್ನೆ.

ಮೇಷ್ಟ್ರು ಮಡಚಿದ ಹಾಳೆಯನ್ನು ಸಂತೋಷದಿಂದ ಬಿಡಿಸುತ್ತಿದ್ದರು. ಆಗ ಶಾಂತವ್ವ ಗಂಟಲು ಸರಿಮಾಡಿಕೊಂಡರು.

ಶಾಂತವ್ವ: ಕಡೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಾಳಿಕೋಟ್ಯಾಗ ಯಾಕ್ ಕಡೀತೀರಿ? ಯುದ್ಧ ಆಗಿದ್ದು ತಂಗಡಗಿ ಕಡೆ. ನನ್ನ ತವರುಮನಿ.

ಶಿವಯೋಗಿ: ಶುರು ಆತು.

ಶಾಂತವ್ವ: ಲಗ್ನ ಆಗಿ ಮೂವತ್ತೆರಡು ವರ್ಷಾತ್ರಿ, ಇವರು ಒಪ್ಪವಲ್ರು. ಹೆಣ ಬಿದ್ದಿದ್ದು ನಮ್ಮೂರಾಗ, ಹೆಸರ ಹೋಗಿದ್ದು ಇವರೂರಿಗಿ.

ಶಿವಯೋಗಿ: ಸುಲ್ತಾನರು ಬಂದು ಇಳಕೊಂಡಿದ್ದು ನಮ್ಮೂರಾಗ.

ಶಾಂತವ್ವ: ಇಳಕೊಂಡಲ್ಲಿ ಉಂಡಾರ, ಮಲಗ್ಯಾರ. ಬಡದಾಡಿದ್ದು ನಮ್ಮೂರಾಗ. ಸಾರ್, ನೀವ ಹೇಳ್ರಿ.

ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಚರಿತ್ರೆಗಾಗಿ ಗಂಡ ಹೆಂಡತಿ ಜಗಳವಾಡುವುದನ್ನು ಅವರು ತಮ್ಮ ಸರ್ವಿಸ್‌ನಲ್ಲೇ ಕಂಡಿರಲಿಲ್ಲ.

ವೆಂಕಟಗಿರಿ: ಇಬ್ಬರೂ ಹೇಳೋದು ಸರಿ ಅಮ್ಮಾ. ರಕ್ಕಸಗಿ, ತಂಗಡಗಿ ಕಡೇನೇ ಯುದ್ಧ ಆಯ್ತು ಅಂತ ಹೇಳ್ತಾರೆ. ಹೆಸರು ಮಾತ್ರ ತಾಳಿಕೋಟೆ ಅಂತ ನಿಂತಿದೆ.

ಶಾಂತವ್ವ: ಇಬ್ಬರೂ ಸರಿ ಅಂದ್ರ ನಾ ಸೋತಂಗ. ತಂಗಡಗಿ ಹೆಸರ ಬರಲಿಲ್ಲಂದ್ರ ನಾ ಭಾನುವಾರ ಬರಂಗಿಲ್ಲ. ಮುಂದಿನ ವಾರ ಮಾತುಕತಿಗೂ ಬರಂಗಿಲ್ಲ.

ಶಿವಯೋಗಿ: ತಾಳಿಕೋಟಿ ಹೆಸರ ಬಿಟ್ರ ನಾನೂ ಬರಂಗಿಲ್ಲ.

ಪದ್ಮನಾಭರು ಹೆಂಡತಿಯ ಮುಖ ನೋಡಿದರು. ಪುಟ್ಟಲಕ್ಷ್ಮಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಾ, ನಾಳೆ ತಿಂಡಿಗೆ ಏನು ಎಂದು ಹೇಳುವ ದನಿಯಲ್ಲಿ ಹೇಳಿದರು:

ಪುಟ್ಟಲಕ್ಷ್ಮಿ: ಎರಡೂ ಕಡೆ ಸಾಯ್ಲಿ ಬಿಡಿ.

ಪದ್ಮನಾಭ: ಏನಂದೆ?

ಪುಟ್ಟಲಕ್ಷ್ಮಿ: ಒಂದ್ಸಲ ಶಾಂತವ್ವನವರ ತವರಲ್ಲಿ, ಒಂದ್ಸಲ ಯಜಮಾನ್ರ ಊರಲ್ಲಿ. ಮಧ್ಯೆ ಪರದೆ ಎಳೀರಿ.

ವೆಂಕಟಗಿರಿ: ಅಮ್ಮಾ, ಒಂದ್ಸಲ ತಲೆ ಹೋದ ಮನುಷ್ಯ ಮತ್ತೆ...

ಪುಟ್ಟಲಕ್ಷ್ಮಿ: ಮಗಳ ಮದುವೆ ಮೇಷ್ಟ್ರೇ. ಹೆಣ್ಣು ಹೆತ್ತೋರು ಎರಡು ಸಲ ಸಾಯೋದು ಏನ್ ದೊಡ್ಡದು?

ಭಾನುವಾರ ಸಂಜೆ ಪಾರ್ಕಿನ ಮುಂದೆ ಶಾಮಿಯಾನ ತುಂಬಿತ್ತು. 'ತಂಗಡಗಿ' ಎಂದು ಬರೆದ ಬೋರ್ಡಿನ ಕೆಳಗೆ ಪದ್ಮನಾಭರು ಮಂಡಿ ಹಿಡಿದುಕೊಂಡು ಮೊದಲ ಸಲ ಸತ್ತರು. ಮೊದಲನೇ ಸಾಲಿನಲ್ಲಿ ಶಾಂತವ್ವ ಎದ್ದು ನಿಂತು ಚಪ್ಪಾಳೆ ಹೊಡೆದು, ಗಂಡನ ಕಡೆ ನೋಡಿ ಕೂತರು. ಪರದೆ ಬಿತ್ತು, ಎದ್ದಿತು. 'ತಾಳಿಕೋಟೆ' ಎಂಬ ಬೋರ್ಡಿನ ಕೆಳಗೆ ಅದೇ ಐದು ಜನ ಮತ್ತೆ ಬಂದರು, ಆನೆಯೂ ಬಂತು. ಈ ಸಲ ಕಾಗದದ ತಲೆ ಉರುಳಿ, ವೇದಿಕೆಯಿಂದ ಇಳಿದು, ಶಿವಯೋಗಿಯವರ ಕಾಲ ಬಳಿ ನಿಂತಿತು. ತಮ್ಮೂರಿಗೆ ಬರುತ್ತಿದ್ದ ಕಂಪನಿ ನಾಟಕಗಳನ್ನು ನೋಡಿಯೇ ಬೆಳೆದ ಮನುಷ್ಯ. ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗಿದರು.

ಶಿವಯೋಗಿ: ಒನ್ಸ್ ಮೋರ್.

ಶಾಮಿಯಾನಕ್ಕೆ ಶಾಮಿಯಾನವೇ ಅದನ್ನು ಎತ್ತಿಕೊಂಡಿತು. ವೇದಿಕೆಯ ಮೇಲೆ ಕಪ್ಪು ಬಟ್ಟೆ ಹೊದ್ದು ರುಂಡವಿಲ್ಲದೆ ಮಲಗಿದ್ದ ಪದ್ಮನಾಭರು ಒಳಗಿಂದಲೇ ಕೇಳಿದರು.

ಪದ್ಮನಾಭ: ಏನಂತೆ ಮೇಷ್ಟ್ರೇ ಗಲಾಟೆ?

ವೆಂಕಟಗಿರಿ: (ಪರದೆಯ ಸಂದಿಯಿಂದ) ಬೀಗರು ಸಂಬಂಧ ಒಪ್ಕೊಂಡ ಹಾಗಿದೆ ಕಣ್ರೀ. ಎದ್ದು ಸಾಯ್ರಿ.