ಮೂವತ್ತೆರಡರ ಸೊಂಟಕ್ಕೊಂದು ಬ್ರಿಟಿಷ್ ಕಾರು

ಹೆಂಡತಿ: ಅಲ್ಲಾರೀ, ಇದಕ್ಕೆ ಟಾಪೇ ಇಲ್ವಲ್ಲ!

ಟೈಲರ್: ಇರಬಾರದು ಕಣೇ. ಅದಕ್ಕೇ ಇದನ್ನ ಸ್ಪೋರ್ಟ್ಸ್ ಕಾರು ಅನ್ನೋದು.

ಹೆಂಡತಿ: ಟಾಪ್ ಇರೋದಕ್ಕಿಂತ ಇಲ್ಲದ್ದಕ್ಕೇ ದುಡ್ಡು ಜಾಸ್ತಿನಾ? ಹಾಗಾದ್ರೆ ನಾವೂ ನಾಳೆಯಿಂದ ತೋಳಿಲ್ಲದ ಕೋಟಿಗೆ ಡಬಲ್ ಕೇಳೋಣ.

ಟೈಲರ್: ಟಾಪ್ ಇದೆ, ಬಟ್ಟೇದು. ಮಡಚಿ ಹಿಂದೆ ಇಟ್ಟಿರ್ತಾರೆ. ಮಳೆ ಬಂದ್ರೆ ಇಳಿದು, ಬಿಚ್ಚಿ, ಎಳೆದು, ಗುಂಡಿ ಹಾಕ್ಕೋಬೇಕು.

ಹೆಂಡತಿ: ಅಷ್ಟೆಲ್ಲಾ ಮಾಡೋ ಹೊತ್ತಿಗೆ?

ಟೈಲರ್: ಮಳೆ ನಿಂತಿರತ್ತೆ. ಅದೇ ಅದರ ಮಜಾ.

ಈ ಮಾತು ನಡೆಯುತ್ತಿದ್ದದ್ದು ಟೈಲರ್ ಅಂಗಡಿಯ ಕಟಿಂಗ್ ಮೇಜಿನ ಆಚೀಚೆ. ಬಟ್ಟೆ ಹರಡಬೇಕಾದ ಮೇಜಿನ ಮೇಲೆ ಮೂರು ಹಳೆಯ ಬ್ರಿಟಿಷ್ ಕಾರುಗಳ ಫೋಟೋ ಹರಡಿದ್ದವು. ಗಿರಾಕಿಗಳ ಬಟ್ಟೆಯೆಲ್ಲ ಹಿಂದಿನ ಕಪಾಟಿನಲ್ಲಿ ಗಂಟು ಗಂಟಾಗಿ ಕೂತಿತ್ತು. ಪ್ರತಿ ಗಂಟಿಗೂ ಒಂದು ಚೀಟಿ, ಪ್ರತಿ ಚೀಟಿಯಲ್ಲೂ ‘ಶುಕ್ರವಾರ’. ಯಾವ ಶುಕ್ರವಾರ ಎಂದು ಬರೆಯದೇ ಇರುವುದು ನಮ್ಮ ಟೈಲರ್ ಸಾಹೇಬರು ಇಪ್ಪತ್ತೆಂಟು ವರ್ಷದಲ್ಲಿ ಕಲಿತ ಜಾಣತನ.

ಹನ್ನೆರಡನೇ ವಯಸ್ಸಿನಲ್ಲಿ ಇಂಥದೊಂದು ಕಾರು ತಮ್ಮ ಪಕ್ಕದಲ್ಲೇ ಭರ್ರನೆ ಹಾದುಹೋದದ್ದನ್ನು ಅವರು ಇನ್ನೂ ಮರೆತಿರಲಿಲ್ಲ. ಈಗ ಐವತ್ತೈದು. ಒಂದು ಸಲ ಅಂಥ ಕಾರಿನ ಸ್ಟಿಯರಿಂಗ್ ಹಿಂದೆ ಕೂರಬೇಕು, ಆ ಕಾರು ತಮ್ಮದಾಗಿರಬೇಕು, ಅಷ್ಟೇ ಆಸೆ. ಹೊಸ ಹೊಲಿಗೆ ಮಿಷನ್ನಿಗೆಂದು ಎತ್ತಿಟ್ಟ ಹಣವನ್ನು ಹೆಂಡತಿಯೇ ಈ ಆಸೆಗೆ ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟ ಮೇಲೆ ಪ್ರಶ್ನೆ ಕೇಳದೆ ಇರುತ್ತಾರೆಯೇ?

ಹೆಂಡತಿ: ಈ ನೀಲಿದಕ್ಕೆ ಏನಾಗಿದೆ? ರೇಟು ಇಷ್ಟು ಕಮ್ಮಿ?

ಟೈಲರ್: ಅದರ ಇಂಜಿನ್ನು ಬೇರೆ ಇದೆ.

ಹೆಂಡತಿ: ಬೇರೆ ಅಂದ್ರೆ? ಬೇರೆ ಕಂಪನೀದಾ?

ಟೈಲರ್: ಬೇರೆ ಊರಲ್ಲಿದೆ. ನಾಲ್ಕು ಡಬ್ಬದಲ್ಲಿ.

ಹೆಂಡತಿ: ಕೆಂಪುದು?

ಟೈಲರ್: ಅದು ಚಿನ್ನ ಕಣೇ, ಚಿನ್ನ. ನಮ್ಮ ದುಡ್ಡಿಗೆ ಅದರ ಬಾಗಿಲು ಬರತ್ತೆ. ಒಂದು ಬಾಗಿಲು.

ಹೆಂಡತಿ: ಹಾಗಾದ್ರೆ ಉಳಿದಿದ್ದು ಹಸಿರುದು.

ಟೈಲರ್: ಹಸಿರುದೇ! ನಾನು ಮೊದಲಿಂದ ಏನು ಹೇಳ್ತಿದ್ದೀನಿ? ನಮ್ಮ ಮೇಸ್ತ್ರಿ ಗ್ಯಾರೇಜಲ್ಲೇ ನಿಂತಿದೆ. ಓಡತ್ತೆ. ನಮ್ಮ ಬಜೆಟ್ಟಿಗೆ ಅಚ್ಚುಕಟ್ಟಾಗಿ ಕೂರತ್ತೆ.

ಹೆಂಡತಿ: ಅದು ಬಜೆಟ್ಟಲ್ಲಿ ಕೂರತ್ತೆ ಸರಿ. ನೀವು ಅದರಲ್ಲಿ ಕೂರ್ತೀರಾ?

ಟೈಲರ್: ಲೆಕ್ಕ ಹಾಕಾಯ್ತು. ಫೋನ್ ಮಾಡಿ ಕೇಳಿದೆ. ಸೀಟಿನ ಬೆನ್ನಿಂದ ಸ್ಟಿಯರಿಂಗಿಗೆ ಹನ್ನೆರಡು ಇಂಚು. ಈಗ ನಮ್ಮ ಅಳತೆ ಪುಸ್ತಕ ನೋಡು, ಮೊದಲನೇ ಪುಟದಲ್ಲಿ ಮೊದಲನೇ ಹೆಸರು ನಂದೇ. ಸೊಂಟ ಮೂವತ್ತೆರಡು. ಮುಂದಿನಿಂದ ಹಿಂದಕ್ಕೆ ಒಂಬತ್ತು ಇಂಚು. ಇನ್ನೂ ಮೂರು ಇಂಚು ಸಡಿಲ! ಯಾವ ಟೈಲರ್ ಬಿಡ್ತಾನೆ ಅಷ್ಟು ಸಡಿಲ?

ಹೆಂಡತಿ: ಆ ಅಳತೆ ಮದುವೆಗೆ ಮುಂಚೆ ಬರೆದಿದ್ದಲ್ವಾ? ಯಾವುದಕ್ಕೂ ಇನ್ನೊಂದ್ಸಲ ಟೇಪು ಹಿಡಿದು...

ಟೈಲರ್: ಯಾಕೆ? ಮದುವೆ ದಿನ ಹಾಕಿದ್ದ ಬೂದು ಪ್ಯಾಂಟೇ ಈಗ ಹಾಕಿರೋದು. ನೋಡಿಲ್ಲಿ, ಗುಂಡಿ ಎಷ್ಟು ಆರಾಮಾಗಿ ಬಿದ್ದಿದೆ! ಊರಲ್ಲಿರೋ ಗಂಡಸರ ಸೊಂಟ ಎಲ್ಲಾ ನಂಗೊತ್ತು. ವರ್ಷ ವರ್ಷ ಹಿಗ್ಗದೆ ಇರೋದು ಇದೊಂದೇ.

ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಕೈಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದರು.

ಹೆಂಡತಿ: ಸರಿ, ಒಂದೇ ಷರತ್ತು. ಕಾರು ಮನೆವರೆಗೆ ತಾನಾಗೇ ಓಡ್ಕೊಂಡು ಬರಬೇಕು. ಹಗ್ಗ ಕಟ್ಟಿ ಎಳ್ಕೊಂಡು ಬಂದ್ರೆ ಕಾರಿಗೂ ಜಾಗ ಇಲ್ಲ, ಎಳ್ಕೊಂಡು ಬಂದೋರಿಗೂ ಇಲ್ಲ.

ಗ್ಯಾರೇಜಿನ ಮೂಲೆಯಲ್ಲಿ ಹಸಿರು ಕಾರು ನೆಲಕ್ಕೆ ಅಂಟಿಕೊಂಡಂತೆ ನಿಂತಿತ್ತು. ಗುಂಡನೆಯ ದೀಪ, ತಂತಿ ಕಡ್ಡಿಯ ಚಕ್ರ, ಮರದ ಸ್ಟಿಯರಿಂಗ್. ಟೈಲರ್ ಅದನ್ನು ಕಂಡ ಕೂಡಲೇ ಹನ್ನೆರಡು ವರ್ಷದವರಾಗಿಬಿಟ್ಟರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಎದುರಾದರು.

ಮೇಸ್ತ್ರಿ: ಬನ್ನಿ ಮಾಸ್ಟ್ರೇ, ಬನ್ನಿ ಅಕ್ಕ. ನನ್ನ ಕೋಟು ತಂದ್ರಾ?

ಟೈಲರ್: ಕೋಟು ಶುಕ್ರವಾರ. ಇವತ್ತು ಕಾರಿನ ವಿಷಯ.

ಮೇಸ್ತ್ರಿ: ಮಗಳ ಮದುವೆಗೆ ಅಂತ ಕೊಟ್ಟ ಬಟ್ಟೆ ಅದು. ಈಗ ಮೊಮ್ಮಗು ಓಡಾಡ್ತಿದೆ.

ಟೈಲರ್: ಮೊಮ್ಮಗು ಮದುವೆಗೆ ಹಾಕ್ಕೊಳ್ಳಿ, ಹೊಸದಾಗೇ ಇರತ್ತೆ. ಸ್ವಲ್ಪ ಸರೀರಿ, ಪರೀಕ್ಷೆ ಮಾಡ್ಬೇಕು.

ಜೇಬಿನಿಂದ ಒಂದು ಮ್ಯಾಗ್ನೆಟ್ ಹೊರಬಂತು. ಅಂಗಡಿಯ ನೆಲಕ್ಕೆ ಬಿದ್ದ ಗುಂಡುಪಿನ್ನು ಹೆಕ್ಕುವ ಮ್ಯಾಗ್ನೆಟ್ ಅದು. ಹಳೆ ಕಾರಿನಲ್ಲಿ ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿರುತ್ತಾರೆ, ಪುಟ್ಟಿಗೆ ಮ್ಯಾಗ್ನೆಟ್ ಅಂಟುವುದಿಲ್ಲ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಬಾಗಿಲಿಗೆ ಅಂಟಿತು. ಮಡ್‌ಗಾರ್ಡಿಗೆ ಅಂಟಿತು. ಬಾನೆಟ್ಟಿನ ಮೇಲಿಟ್ಟದ್ದೇ ಜಾರಿ ನೆಲಕ್ಕೆ ಬಿತ್ತು.

ಟೈಲರ್: ಸಿಕ್ಕಿಬಿದ್ರಿ ಮೇಸ್ತ್ರಿ! ಬಾನೆಟ್ಟು ಪೂರ್ತಿ ಪುಟ್ಟಿ!

ಮೇಸ್ತ್ರಿ: ಅದು ಅಲ್ಯೂಮಿನಿಯಂ ಮಾಸ್ಟ್ರೇ. ಹುಟ್ಟಿದಾಗಿಂದ ಹಾಗೇ ಇದೆ.

ಹೆಂಡತಿ: (ಬಾನೆಟ್ ತಟ್ಟಿ) ಹೌದು ರೀ, ನಮ್ಮನೆ ಪಾತ್ರೆ ಸದ್ದೇ ಬರ್ತಿದೆ.

ಟೈಲರ್: ಪಾತ್ರೆ ಕರಗಿಸಿ ಕಾರು ಮಾಡಿದ್ದಾರಾ? ರೇಟು ಇಳಿಸಿ.

ಮೇಸ್ತ್ರಿ: ಅಲ್ಯೂಮಿನಿಯಂ ಇದ್ರೆ ರೇಟು ಏರಿಸ್ತಾರೆ! ನಾನು ಏರಿಸಿಲ್ಲ, ಪುಣ್ಯ ಅಂದ್ಕೊಳ್ಳಿ. ಮತ್ತೆ ಆ ಮ್ಯಾಗ್ನೆಟ್ಟಲ್ಲಿ ನಾಲ್ಕು ಪಿನ್ನು ನೇತಾಡ್ತಿವೆ, ಬಣ್ಣದಿಂದ ಸ್ವಲ್ಪ ದೂರ ಇಡಿ.

ಟೈಲರ್: ಕೆಳಗೆ ಎಣ್ಣೆ ಬಿದ್ದಿದೆಯಲ್ಲ?

ಮೇಸ್ತ್ರಿ: ಈ ಕಾರಿನ ಕೆಳಗೆ ಎಣ್ಣೆ ಇದ್ರೆ ಒಳಗೂ ಎಣ್ಣೆ ಇದೆ ಅಂತ ಅರ್ಥ. ಬೀಳೋದು ನಿಂತ ದಿನ ನನಗೆ ಫೋನ್ ಮಾಡಿ.

ಹೆಂಡತಿ: ಮಳೆ ಬಂದ್ರೆ ಒಳಗೆ ನೀರು ಬರತ್ತಾ?

ಮೇಸ್ತ್ರಿ: ಬರತ್ತಕ್ಕ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಹೋಗೋಕೂ ದಾರಿ ಇದೆ. ನೆಲದಲ್ಲಿ ತೂತಿದೆ.

ಟೈಲರ್: ನೋಡ್ದಾ? ಎಷ್ಟು ಯೋಚನೆ ಮಾಡಿದ್ದಾರೆ!

ಮೇಸ್ತ್ರಿ: ಮೊದಲನೇ ಸಲ ಹಳೇ ಕಾರು ತಗೊಳ್ಳೋರು ಇಂಥದ್ದೇ ತಗೋಬೇಕು ಮಾಸ್ಟ್ರೇ. ನೋಡೋಕೆ ಮುಕ್ಕಾಲು ಪಾಲು ಚೆನ್ನ, ಇಂಜಿನ್ನು ಪೂರ್ತಿ ಚೆನ್ನ. ಕೂತು ನೋಡಿ.

ಕೊನೆಗೂ ಆ ಗಳಿಗೆ ಬಂತು. ಟೈಲರ್ ಅಂಗಿಯ ತೋಳು ಸರಿಮಾಡಿಕೊಂಡು ಒಂದು ಕಾಲು ಒಳಗಿಟ್ಟರು, ಇನ್ನೊಂದನ್ನು ಮಡಚಿ ಎಳೆದುಕೊಂಡರು. ಕಾಲೆರಡೂ ಹೋದವು. ಹೊಟ್ಟೆ ಸ್ಟಿಯರಿಂಗಿನ ಹತ್ತಿರ ಬಂದು ನಿಂತುಬಿಟ್ಟಿತು. ಉಸಿರು ಎಳೆದು ಒಂದೇ ಸಲ ಜಾರಿ ಕೂತರು, ಉಸಿರು ಬಿಟ್ಟರು. ಪೋಂ ಎಂದು ಹಾರ್ನ್ ಹೊಡೆಯಿತು.

ಮೇಸ್ತ್ರಿ: ಹಾರ್ನ್ ಆಮೇಲೆ ಚೆಕ್ ಮಾಡಿ ಮಾಸ್ಟ್ರೇ, ಮೊದಲು ಕೂತ್ಕೊಳ್ಳಿ.

ಟೈಲರ್: ಕೂತಿದ್ದೀನಿ! (ಪೋಂ.)

ಹೆಂಡತಿ: ರೀ, ಉಸಿರು ಬಿಡ್ಬೇಡಿ!

ಟೈಲರ್: ಬಿಡ್ದೆ ಹೇಗೆ ಮಾತಾಡ್ಲಿ? (ಪೋಂ.) ಮೋಸ ಮೇಸ್ತ್ರಿ, ಮೋಸ! ಹನ್ನೆರಡು ಇಂಚು ಅಂದಿದ್ರಿ! ಸೀಟು ಹಿಂದಕ್ಕೆ ತಳ್ಳಿ! (ಪೋಂ, ಪೋಂ.)

ಮೇಸ್ತ್ರಿ: ಅದು ಹೋಗೋವಷ್ಟೂ ಹೋಗಿದೆ. ಇನ್ನೂ ತಳ್ಳಿದ್ರೆ ಡಿಕ್ಕೀಲಿ ಕೂರ್ತೀರಿ.

ಬಲಗೈ ಮೇಸ್ತ್ರಿ, ಎಡಗೈ ಹೆಂಡತಿ ಹಿಡಿದು ಎಳೆದು ಹೊರತೆಗೆದರು. ಟೈಲರ್ ಕುತ್ತಿಗೆಯಲ್ಲಿದ್ದ ಟೇಪನ್ನು ಕತ್ತಿ ಹಿರಿದಂತೆ ಹಿರಿದು ಸೀಟಿನಿಂದ ಸ್ಟಿಯರಿಂಗಿಗೆ ಹಿಡಿದರು. ಹನ್ನೆರಡು. ಇನ್ನೊಮ್ಮೆ ಹಿಡಿದರು. ಅದೇ ಹನ್ನೆರಡು. ಆಮೇಲೆ ಯಾಕೋ ಮೆಲ್ಲಗೆ, ಯಾರಿಗೂ ಕಾಣಬಾರದೆಂಬಂತೆ, ಆ ಟೇಪನ್ನು ತಮ್ಮ ಸೊಂಟಕ್ಕೆ ಸುತ್ತಿಕೊಂಡರು.

ಟೈಲರ್: ನಲವತ್ತೆರಡು.

ಮೇಸ್ತ್ರಿ: ಕಾರಿಂದಾ?

ಟೈಲರ್: ನಂದು. ಈ ಟೇಪು ಹಳೇದಾಗಿ ಕುಗ್ಗಿರ್ಬೇಕು.

ಹೆಂಡತಿ: ಕುಗ್ಗಿದ್ರೆ ಕಾರಿನ ಅಳತೇನೂ ಜಾಸ್ತಿ ತೋರಿಸ್ಬೇಕಿತ್ತಲ್ಲ ರೀ.

ಟೈಲರ್: ಮತ್ತೆ ಈ ಪ್ಯಾಂಟು? ಮೂವತ್ತೆರಡರ ಪ್ಯಾಂಟು ನಲವತ್ತೆರಡಕ್ಕೆ ಹೇಗೆ ಬಂತು? ಬಟ್ಟೆ ಬೆಳೆಯತ್ತಾ?

ಹೆಂಡತಿ: ಇಸ್ತ್ರಿ ಮಾಡುವಾಗ ಸ್ವಲ್ಪ ಬಿಚ್ತಿದ್ದೆ.

ಟೈಲರ್: ಏನಂದೆ?

ಹೆಂಡತಿ: ವರ್ಷಕ್ಕೊಂದ್ಸಲ, ಅಷ್ಟೇ. ಅರ್ಧ ಅರ್ಧ ಇಂಚು. ಒಳಗೆ ಬಿಟ್ಟಿದ್ದ ಬಟ್ಟೆ ಮುಗಿಯೋವರೆಗೂ.

ಟೈಲರ್: ಅದು ಮೂರು ಇಂಚು. ನಾನೇ ಬಿಟ್ಟಿದ್ದು, ನಂಗೊತ್ತಿಲ್ವಾ? ಇನ್ನು ಏಳು ಇಂಚು ಎಲ್ಲಿಂದ ಬಂತು?

ಹೆಂಡತಿ: ನಿಮ್ಮ ಮದುವೆ ಕೋಟಿನ ತೋಳು ಇಲಿ ತಿಂತು ಅಂದಿದ್ನಲ್ಲ...

ಟೈಲರ್: ಹೂಂ?

ಹೆಂಡತಿ: ಆ ಇಲಿ ನಾನೇ.

ಟೈಲರ್ ಕೈ ಹಿಂದೆ ಚಾಚಿ ಸೊಂಟಪಟ್ಟಿಯನ್ನು ತಡವಿದರು. ಬೆನ್ನ ಕೆಳಗೆ, ತಮ್ಮ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಕೋಟಿನ ತೋಳು ಪಟ್ಟಿಪಟ್ಟಿಯಾಗಿ ಸೇರಿಕೊಂಡಿತ್ತು. ಅವರಿಗೆ ಸಿಟ್ಟು ಬಂದದ್ದು ನಿಜ. ಆದರೆ ಬೆರಳು ಹೊಲಿಗೆಯ ಮೇಲೆ ಓಡಿದಷ್ಟೂ ಸಿಟ್ಟು ಇಳಿಯುತ್ತ ಬಂತು.

ಟೈಲರ್: ಊರಿಗೆಲ್ಲ ಅಳತೆ ತೆಗೆಯೋನು ನಾನು. ನನ್ನ ಬೆನ್ನ ಹಿಂದೆ ಇಷ್ಟೆಲ್ಲಾ ಆಯ್ತು! ಯಾಕೇ ಹೇಳ್ಲಿಲ್ಲ?

ಹೆಂಡತಿ: ಪ್ರತಿ ವರ್ಷ ಮದುವೆ ಆದ ದಿನ ಈ ಪ್ಯಾಂಟು ಹಾಕ್ಕೊಂಡು, ಕನ್ನಡಿ ಮುಂದೆ ನಿಂತು, ‘ನೋಡೇ, ಇನ್ನೂ ಅದೇ ಸೊಂಟ’ ಅಂತ ನಗ್ತೀರಲ್ಲ. ಆ ನಗು ನೋಡೋಕೆ ನಂಗೆ ಇಷ್ಟ. ಅರ್ಧ ಇಂಚು ಬಟ್ಟೆಗೆ ಅಷ್ಟು ಸಿಗತ್ತೆ ಅಂದ್ರೆ ಯಾರು ಬಿಡ್ತಾರೆ?

ಟೈಲರ್ ಮೂಗು ಒರೆಸಿಕೊಂಡರು.

ಟೈಲರ್: ಹೊಲಿಗೆ ಮಾತ್ರ ಚೆನ್ನಾಗಿದೆ ಕಣೇ. ಜೋಡಿಸಿದ್ದು ಇಷ್ಟು ವರ್ಷ ನಂಗೇ ಗೊತ್ತಾಗ್ಲಿಲ್ಲ.

ಮೇಸ್ತ್ರಿ: ಅಕ್ಕ, ನನ್ನ ಕೋಟು ನೀವೇ ಯಾಕೆ ಹೊಲೀಬಾರದು?

ಟೈಲರ್: ಕೋಟು ಇರ್ಲಿ ಮೇಸ್ತ್ರಿ. ಸೊಂಟ ಇದ್ದಾಗ ದುಡ್ಡಿರ್ಲಿಲ್ಲ, ದುಡ್ಡು ಬಂದಾಗ ಸೊಂಟ ಇಲ್ಲ. ನಡಿಯೇ, ಹೋಗೋಣ. ಮಿಷನ್ನೇ ತಗೊಂಡ್ರಾಯ್ತು.

ಆ ದನಿ ಹೆಂಡತಿಯವರಿಗೆ ಸಹಿಸಲಾಗಲಿಲ್ಲ. ಬಾಗಿಲು ತೆಗೆದು ಸರಕ್ಕನೆ ಡ್ರೈವರ್ ಸೀಟಿನಲ್ಲಿ ಕೂತರು. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಬೆನ್ನ ಹಿಂದಿನ ದಿಂಬನ್ನು ಹಿಸುಕಿದರು, ಇನ್ನೊಮ್ಮೆ ಹಿಸುಕಿದರು.

ಹೆಂಡತಿ: ರೀ, ಇಲ್ಲಿ ಬನ್ನಿ. ಈ ಸೀಟಿನ ಬೆನ್ನು ಮುಟ್ಟಿ ನೋಡಿ. ಒಳಗೆ ಐದು ಇಂಚು ಫೋಮಿದೆ. ನಿಮ್ಮನ್ನಂತೂ ಬಿಚ್ಚೋಕಾಗಲ್ಲ. ಸೀಟು ಬಿಚ್ಚಬಹುದಲ್ಲ?

ಟೈಲರ್: (ಮುಟ್ಟಿ, ಕಣ್ಣರಳಿಸಿ) ಫೋಮ್ ತೆಗೆದು ತೆಳ್ಳಗೆ ಹೊಲಿದ್ರೆ ಮೂರು ಇಂಚು ಸಿಗತ್ತೆ! ಹನ್ನೆರಡು, ಮೂರು, ಹದಿನೈದು! ನಾನು ಎಷ್ಟೇ ಆದ್ರೂ ಹದಿನಾಲ್ಕು!

ಮೇಸ್ತ್ರಿ: ಉಸಿರು ಬಿಟ್ಟಾಗಲೋ, ಎಳ್ಕೊಂಡಾಗಲೋ?

ಟೈಲರ್: ಬಿಟ್ಟಾಗಲೇ! ಕೀ ಕೊಡಿ ಮೇಸ್ತ್ರಿ. ಈ ಕಾರು ನಂದು.

ದುಡ್ಡು ಕೈ ಬದಲಾಯಿತು. ಟೈಲರ್ ಕಾರನ್ನು ಒಂದು ಸುತ್ತು ಬಂದರು. ಎರಡನೇ ಸುತ್ತಿನಲ್ಲಿ ಅವರಿಗೆ ಒಂದು ತೊಡಕು ಹೊಳೆಯಿತು.

ಟೈಲರ್: ಅದು ಸರಿ, ಈಗ ಮನೆಗೆ ಯಾರು ಓಡಿಸ್ತಾರೆ?

ಹೆಂಡತಿ: ಇಪ್ಪತ್ತು ವರ್ಷದಿಂದ ಅಂಗಡಿ ವ್ಯಾನು ಯಾರು ಓಡಿಸ್ತಿದ್ದಾರೋ ಅವರೇ. ತಾನಾಗೇ ಓಡ್ಕೊಂಡು ಬರಬೇಕು ಅಂತ ಷರತ್ತು ಹಾಕಿದ್ದೆ, ನೆನಪಿದೆಯಾ? ಆ ಕಡೆ ಕೂತ್ಕೊಳ್ಳಿ, ಅಲ್ಲಿ ಸ್ಟಿಯರಿಂಗ್ ಇಲ್ಲ.

ಪಕ್ಕದ ಸೀಟಿನಲ್ಲಿ ಟೈಲರ್ ಹಾಯಾಗಿ ಕೂತರು. ಇಂಜಿನ್ ಎರಡು ಸಲ ಕೆಮ್ಮಿ ಮೂರನೇ ಸಲ ಗುಡುಗಿತು. ಹನ್ನೆರಡನೇ ವಯಸ್ಸಿನಲ್ಲಿ ಕೇಳಿದ್ದ ಅದೇ ಸದ್ದು! ಅವರು ಮುಖದ ತುಂಬ ನಕ್ಕರು. ಹೆಂಡತಿ ಗೇರ್ ಹಾಕುವುದು ಬಿಟ್ಟು ಆ ನಗುವನ್ನೇ ನೋಡಿದರು.

ಟೈಲರ್: ಇದು ಸ್ವಲ್ಪ ದಿನ ಮಾತ್ರ ಕಣೇ, ಹೇಳಿರ್ತೀನಿ. ಸೀಟು ಹೊಲಿದು ಮುಗಿಯೋವರೆಗೆ. ಆಮೇಲೆ ನಾನೇ ಡ್ರೈವರ್ರು.

ಹೆಂಡತಿ: ಆಗ್ಲಿ. ಸೀಟು ಯಾವಾಗ ಮುಗಿಯತ್ತೆ?

ಟೈಲರ್: ಶುಕ್ರವಾರ.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಹೆಂಡತಿ ಹಿಂದಿನ ರಸ್ತೆ ತೋರಿಸುವ ಕನ್ನಡಿಯನ್ನು ತಮ್ಮ ಎತ್ತರಕ್ಕೆ ನಿಧಾನವಾಗಿ ತಿರುಗಿಸಿಕೊಂಡರು.

ಹೆಂಡತಿ: ಮೇಸ್ತ್ರಿಗಳೇ, ಸ್ಕ್ರೂಡ್ರೈವರ್ ತನ್ನಿ. ಈ ಕನ್ನಡಿ ಇಲ್ಲೇ ಇರೋ ಹಾಗೆ ಗಟ್ಟಿಯಾಗಿ ಬಿಗಿದುಬಿಡಿ.