ಆಮೆಗೂ ಒಂದು ತವರು

ಶಿರಹಟ್ಟಿಯಲ್ಲಿ ಹೆಂಡತಿಯ ಮಾತಿಗಿಂತ ಆಮೆಯ ಮಾತನ್ನೇ ಹೆಚ್ಚು ಕೇಳುತ್ತಿದ್ದ ಗೃಹಸ್ಥ ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬನೇ. ಆಮೆ ಮಾತಾಡುತ್ತದೆಯೇ ಎಂದು ಕೇಳಬೇಡಿ. ಅವನ ಹೆಂಡತಿ, ನಮ್ಮ ಚಿಗವ್ವ, ಎಂಟು ವರ್ಷ ಕೇಳಿ ಸೋತಿದ್ದಳು!

ಎಪ್ಪತ್ತರ ದಶಕದ ಮೊದಲಿಗೆ ಮದುವೆಯಾದ ಹೊಸತು. ಹಿರೇವಡ್ಡಟ್ಟಿಯ ಮಾವನ ಹೊಲದ ಬದುವಿನಲ್ಲಿ, ಬೆನ್ನ ತುಂಬ ನಕ್ಷತ್ರದ ಚಿಕ್ಕಿ ಬರೆದಂತಿದ್ದ ಜೋಡಿ ಆಮೆ ಸಿಕ್ಕವು. ಅವನ್ನು ಕೈಚೀಲಕ್ಕೆ ಹಾಕಿಕೊಂಡು, ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಾಕಾ ಬಸ್ಸಿನಲ್ಲಿ ಬಂದಿಳಿದ. ಅಂದಿನಿಂದ ನಾಗರ ಪಂಚಮಿಗೆ ಊರ ಸೊಸೆಯಂದಿರೆಲ್ಲ ತವರಿಗೆ ಹೊರಟರೂ ಚಿಗವ್ವ ಹೋಗುವಂತಿಲ್ಲ.

"ಅವು ನಿನ್ನ ಕೈಯಾಗಿಂದ ಅಷ್ಟ ಸೊಪ್ಪು ತಿಂತಾವ. ನೀ ಹೋದ್ರ ಉಪಾಸ ಸಾಯ್ತಾವ!" ಎನ್ನುತ್ತಿದ್ದ ಕಾಕಾ.

ಕರೆಯಲು ಬಂದ ಅವಳ ಅಣ್ಣ ಪ್ರತಿ ವರ್ಷ ಬರಿಗೈಯಲ್ಲಿ ತಿರುಗಿ ಹೋಗುತ್ತಿದ್ದ.

ಒಮ್ಮೆ ಆಮೆ ಅಂಗಳದಲ್ಲಿ ಮೊಟ್ಟೆ ಹೂತಿತು. ಕಾಕಾ ಬಿಟ್ಟಾನೆಯೇ? ಅಗೆದು ತೆಗೆದು, ಪಕ್ಕದ ಮನೆ ಚಾಚಾನ ಕಾವು ಕೂತ ಕೋಳಿಯ ಕೆಳಗಿಟ್ಟ! ಪಾಪದ ಕೋಳಿ ತಿಂಗಳುಗಟ್ಟಲೆ ಕೂತು, ಕಡೆಗೆ ಬೇಸತ್ತು ಎದ್ದುಹೋಯಿತು.

"ನಮ್ಮ ಕೋಳಿ ಮಾನಾ ಕಳದ್ರಿ ನೀವು!" ಎಂದು ಚಾಚಾ ಹಣೆ ಚಚ್ಚಿಕೊಂಡರು.

ಮುಂದಿನ ವರ್ಷ ಕಾಕಾ ಮೊಟ್ಟೆ ಮುಟ್ಟಲಿಲ್ಲ. ಮಳೆ ಬಿದ್ದಾಗ ಬಚ್ಚಲ ಗೋಡೆಯ ಬುಡದಿಂದ ಮೂರು ಮರಿ ತಾವೇ ಎದ್ದು ಬಂದವು. ಓಣಿಗೆಲ್ಲ ಬೆಲ್ಲ ಹಂಚಿದ!

ಸುದ್ದಿ ಕೇಳಿ ಗದಗಿನಿಂದ ಒಬ್ಬ ವ್ಯಾಪಾರಿ ಬಂದ.

"ಮರಿ ಬ್ಯಾಡ್ರಿ, ದಾರ್ಯಾಗ ಸಾಯ್ತಾವ. ಹೊಲದಾಗಿನ ದೊಡ್ಡವು ಒಂದ ಚೀಲ ಹಿಡದ ಕೊಡ್ರಿ. ಮುಂಬೈಯಾಗ ಸಾಕೋ ಮಂದಿ ಭಾಳ ಅದಾರ."

ಕಾಕಾ ಕೆಂಡವಾದ. "ಇಲ್ಲೆ ಹುಟ್ಟಿದ್ದಕ್ಕ ಇದ ಮನಿ. ಹೊಲದಾಗ ಹುಟ್ಟಿದ್ದನ್ನ ಎತ್ತಿ ತರೋದು ಪಾಪ! ಅದಕ್ಕೂ ಒಂದು ತವರು ಅಂತ ಇರತೈತಿ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಖರೆ ಅಂದ್ರಿ," ಎಂದಳು ಚಿಗವ್ವ. "ಹಂಗಾರ ಹಿರೇವಡ್ಡಟ್ಟಿಯಿಂದ ಒಂದ ಬಸ್ಸಿನ್ಯಾಗ ಮೂರು ಜೀವ ತಂದ್ರೆಲ್ಲಾ, ಅದಕ್ಕೇನಂತೀರಿ?"

ವ್ಯಾಪಾರಿ ಮೆಲ್ಲಗೆ ಚಪ್ಪಲಿ ಹುಡುಕಿದ. ಕಾಕಾ ಅಂದು ಊಟ ಮಾಡಲಿಲ್ಲ.

ಆ ಪಂಚಮಿಗೆ ಅದೇ ಕೈಚೀಲ, ಅದೇ ಜೋಡಿ ಆಮೆ, ಹೊಸ ಇಳಕಲ್ ಸೀರೆಯ ಚಿಗವ್ವ! ಹಬ್ಬದ ಸಿಹಿ ಉಂಡಿಯ ಡಬ್ಬಿ ಹೊತ್ತು ನಾನೂ ಹೋದೆ. ಮಾವನ ಹೊಲದ ಅದೇ ಬದುವಿನ ಮೇಲೆ ಬಿಟ್ಟೊಡನೆ ಗಂಡಾಮೆ ತಿರುಗಿಯೂ ನೋಡದೆ ಹೊರಟಿತು. ಹೆಣ್ಣು ಮಾತ್ರ ಚಿಗವ್ವನ ಕೈಯಿಂದ ಸೊಪ್ಪು ತಿಂದೇ ಹೋಯಿತು. ಕಾಕಾ ಹೇಳಿದ್ದರಲ್ಲಿ ಅರ್ಧವಾದರೂ ನಿಜವಿತ್ತು!

"ಎಷ್ಟು ದಿನಾ ಬೇಕು ಇರು. ಮರಿಗೆ ನಾ ಸೊಪ್ಪು ಹಾಕ್ತೀನಿ," ಎಂದು ಬಸ್ಸಿನತ್ತ ಹೊರಟ ಕಾಕಾ ನಾಲ್ಕು ಹೆಜ್ಜೆಗೇ ನಿಂತ. "ನೀ... ತಿರುಗಿ ಬರ್ತಿಯಲ್ಲ?"

ಎಂಟು ವರ್ಷ ಅವನು ಹೆದರಿದ್ದು ಆಮೆಯ ಉಪವಾಸಕ್ಕಲ್ಲ ಎಂದು ನನಗೆ ಆಗ ತಿಳಿಯಿತು. ಚಿಗವ್ವನಿಗೂ ತಿಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಚೀಲಾ ತರಬ್ಯಾಡ್ರಿ. ಈ ಸಲ ನಾನ ಬರ್ತೀನಿ."